ಬೇಸ್‌ಮೆಂಟಿನ ಏಳು ರೈಫಲ್‌ಗಳು

ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಏಳು ರೈಫಲ್‌ಗಳಿದ್ದವು. ಇಪ್ಪತ್ತು ವರ್ಷ ಈ ವಿಷಯವನ್ನು ನಾನು ಯಾರಿಗೂ ಹೇಳಲಿಲ್ಲ. ಮೈಸೂರಿನಲ್ಲಿರುವ ನನ್ನ ತಂಗಿಗೂ ಗೊತ್ತಿರಲಿಲ್ಲ. ಕಳ್ಳ ಮಾಲೇನಲ್ಲ. ನಮ್ಮ ಯಜಮಾನರ ಹತ್ತಿರ ಲೈಸೆನ್ಸ್ ಇತ್ತು, ಉಕ್ಕಿನ ಕಪಾಟಿತ್ತು, ಒಂದೊಂದಕ್ಕೂ ಬೇರೆ ಬೇರೆ ಬೀಗವಿತ್ತು. ಆದರೂ ದೇವರ ಮನೆಯ ನೇರ ಕೆಳಗೆ ಬಂದೂಕಿನ ಕಪಾಟು ಅಂದರೆ ನನಗೆ ಒಂಥರಾ ನಾಚಿಕೆ.

ಅವರು ಈ ಪರದೇಶದಲ್ಲಿ, ರೆಕ್ಸ್‌ಡೇಲ್ ಅನ್ನುವ ಬಡಾವಣೆಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ಕಾರಿನ ಬಾಗಿಲಿಗೆ ಹಾಕುವ ಕೀಲುಗಳನ್ನು ಮಾಡುವ ಕಾರ್ಖಾನೆ. ಮೊದಲನೆಯ ಕೀಲಿಗೂ ಸಾವಿರದ ಕೀಲಿಗೂ ಕೂದಲೆಳೆಯಷ್ಟು ವ್ಯತ್ಯಾಸ ಬರದಂತೆ ನೋಡಿಕೊಳ್ಳುವುದು ಅವರ ಕೆಲಸ. ಕನ್ನಡದವರ ಮನೆಗಳಲ್ಲಿ ಡಾಕ್ಟರುಗಳು, ಸಾಫ್ಟ್‌ವೇರಿನವರು ಕೂತಿರುವಾಗ ಯಾರಾದರೂ ಕೇಳಿದರೆ "ಬಾಗಿಲು ತೆಗೆಯೋ ಹಾಕೋ ಕೆಲಸ" ಅಂತ ನಕ್ಕು ಸುಮ್ಮನಾಗುತ್ತಿದ್ದರು. ನಾನು ಎಟೋಬಿಕೋಕಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬೆಳಗಿನ ಶಿಫ್ಟ್ ನನ್ನದು. ಅವರು ಏಳುವ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತಿದ್ದೆ.

ಒಂದು ಭಾನುವಾರ ಕಾರ್ಖಾನೆಯ ಜೊತೆಗಾರನೊಬ್ಬ ಅವರನ್ನು ಮಿಲ್ಟನ್ ಕಡೆ ಗುರಿ ಹೊಡೆಯುವ ಕ್ಲಬ್ಬಿಗೆ ಕರೆದುಕೊಂಡು ಹೋದ. ವಾಪಸ್ ಬಂದವರು ಗುಂಡು ಹೊಡೆದದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಊಟಕ್ಕೆ ಕೂತು, ಸಾರು ಕಲಸಿಕೊಳ್ಳುವುದನ್ನೂ ಮರೆತು ಹೇಳತೊಡಗಿದರು.

"ಅವನ ರೈಫಲ್ ಐವತ್ತು ವರ್ಷದ ಹಿಂದೆ ಯಾವುದೋ ದೇಶದ ಸೈನ್ಯಕ್ಕೆ ಅಂತ ಮಾಡಿದ್ದು ಕಣೆ. ಲಕ್ಷಗಟ್ಟಲೆ ಮಾಡಿದಾರೆ. ಒಂದರ ಬೋಲ್ಟ್ ತೆಗೆದು ಇನ್ನೊಂದಕ್ಕೆ ಹಾಕಿದ್ರೆ ಹಾಗೇ ಕೂತ್ಕೊಳುತ್ತೆ. ಆ ಕಾಲದ ಮೆಷಿನ್ನಲ್ಲಿ! ನೀನೇ ಯೋಚನೆ ಮಾಡು."

ನನಗೆ ಯೋಚನೆ ಮಾಡಲು ಏನೂ ಕಾಣಲಿಲ್ಲ. ಕೋರ್ಸು, ಪರೀಕ್ಷೆ, ಲೈಸೆನ್ಸ್ ಎಲ್ಲ ಮುಗಿಸಿ ಅವರು ಅಂಥದ್ದೇ ಒಂದನ್ನು ಮನೆಗೆ ತಂದರು. ಅಂಗಡಿಗಳಲ್ಲಿ ಆಗ ಅವು ಮರದ ಪೆಟ್ಟಿಗೆಗಳಲ್ಲಿ ಆಲೂಗಡ್ಡೆ ಬಂದ ಹಾಗೆ ಬರುತ್ತಿದ್ದವಂತೆ. ಮೈಯೆಲ್ಲ ದಪ್ಪ ಗ್ರೀಸು. ಅದನ್ನು ತೆಗೆಯಲು ಅವರು ನನ್ನ ದೊಡ್ಡ ಇಡ್ಲಿ ಪಾತ್ರೆಯಲ್ಲಿ ನೀರು ಕಾಯಿಸಿ ಗ್ಯಾರೇಜಿಗೆ ಒಯ್ದರು. ಆ ಪಾತ್ರೆಯನ್ನು ಮತ್ತೆ ನಾನು ಅಡುಗೆಮನೆಗೆ ಸೇರಿಸಲಿಲ್ಲ.

"ಪೂಜೆ ಮಾಡೋ ಮನೆಗೆ ಬಂದೂಕು ಯಾಕ್ರೀ?" ಅಂದೆ.

"ಇಟ್ಕೊಳಕ್ಕೆ. ಈಗ ಯಾರಿಗೂ ಬೇಡ, ಅಷ್ಟೊಂದು ಇವೆಯಲ್ಲ ಅಂತ. ಒಂದು ದಿನ ಪೆಟ್ಟಿಗೆಗಳೆಲ್ಲ ಖಾಲಿಯಾಗುತ್ತೆ. ಆವಾಗ ಇದೇ ಅಮೂಲ್ಯ ಆಗುತ್ತೆ. ಕೈಯಲ್ಲಿ ಮಾಡಿದ್ದನ್ನ ಎಲ್ಲರೂ ಮ್ಯೂಸಿಯಮ್ಮಲ್ಲಿ ಇಡ್ತಾರೆ. ಮೆಷಿನ್ನಲ್ಲಿ ಹತ್ತು ಲಕ್ಷ ಒಂದೇ ಥರ ಮಾಡೋದಿದೆಯಲ್ಲ, ಅದರ ಕಷ್ಟ ಯಾರಿಗೂ ಗೊತ್ತಿಲ್ಲ."

ಹಾಗೆ ಒಂದೊಂದಾಗಿ ಏಳಾದವು. ಸೈನ್ಯದವು ಮೂರು. ಯಾವುದೋ ಉತ್ಸವದ ನೆನಪಿಗೆಂದು ಚಿನ್ನದ ಬಣ್ಣದ ತಗಡು ಹೊಡೆದು, ಚೆಂದದ ಡಬ್ಬಿಯಲ್ಲಿ ಮಾರಿದ್ದು ಎರಡು. ಪ್ಲಾಸ್ಟಿಕ್ ಹಿಡಿಯ ಹೊಸ ಕಾಲದವು ಎರಡು. ಆಯುಧಪೂಜೆಯ ದಿನ ಕಾರಿಗೆ, ಮಿಕ್ಸಿಗೆ, ಅವರ ಸ್ಪ್ಯಾನರ್‌ಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿ ನಾನು ಬೇಸ್‌ಮೆಂಟಿಗೆ ಇಳಿದರೆ ಅವರು ಕಪಾಟಿಗೆ ಅಡ್ಡ ನಿಲ್ಲುತ್ತಿದ್ದರು. "ಕುಂಕುಮ ಹಚ್ಚಿದ್ರೆ ಮೂಲ ಸ್ಥಿತಿ ಕೆಡುತ್ತೆ ಕಣೆ. ಬಾಗಿಲಿಗೆ ಹಚ್ಚಿ ಬಿಡು." ನಾನು ಕಪಾಟಿನ ಹಿಡಿಗೆ ಒಂದು ಬೊಟ್ಟಿಟ್ಟು ಮೇಲೆ ಬರುತ್ತಿದ್ದೆ.

ಅವರು ಕೆಳಗೆ, ನಾನು ಮೇಲೆ. ಸಂಜೆಗಳು ಹಾಗೇ ಕಳೆದವು. ಹೀಟಿಂಗಿನ ಕಿಂಡಿಯಿಂದ ಎಣ್ಣೆಯ ವಾಸನೆ, ಕಬ್ಬಿಣ ಸರಿದು ಕೂರುವ ಸಣ್ಣ ಸದ್ದು ಬರುತ್ತಿತ್ತು. ಎಲ್ಲೋ ಗುಂಡು ಹಾರಿ ಮಕ್ಕಳು ಸತ್ತರು ಅಂತ ಟೀವಿಯಲ್ಲಿ ಸುದ್ದಿ ಬಂದ ದಿನ ನಾನು ಅವರಿಗೆ ಖಡಾಖಂಡಿತವಾಗಿ ಹೇಳಿದೆ: "ಇದು ಯಾರಿಗೂ ಗೊತ್ತಾಗಬಾರದು. ಯಾರೂ ಈ ಮನೆಗೆ ಬರೋದು ಬೇಡ." ಅವರು ಹೂಂ ಅಂದರು. ಎಲ್ಲರ ಮನೆಯಲ್ಲೂ ಮಕ್ಕಳು ಆಡುವುದು ಬೇಸ್‌ಮೆಂಟಿನಲ್ಲೇ. ಬೇಸ್‌ಮೆಂಟಿಗೆ ಕರೆಯಲಾಗದ ಮೇಲೆ ಮನೆಗೂ ಕರೆಯಲಾಗಲಿಲ್ಲ. ಮಗಳ ಹುಟ್ಟಿದ ಹಬ್ಬವನ್ನು ಪ್ರತಿ ವರ್ಷ ಪಿಜ್ಜಾ ಅಂಗಡಿಯಲ್ಲೇ ಮಾಡಿದೆವು. ನಾವು ಕರೆಯುವುದಿಲ್ಲ ಅಂತ ಗೊತ್ತಾಗಿ ಬೇರೆಯವರೂ ಕರೆಯುವುದನ್ನು ಕಡಿಮೆ ಮಾಡಿದರು. ಅದನ್ನು ನಾನು ಆ ಕಪಾಟಿನ ಲೆಕ್ಕಕ್ಕೇ ಹಾಕಿದ್ದೆ. ಬೀಗ ಹಾಕಿದ್ದು ನಾನು ಅಂತ ಅನ್ನಿಸಿರಲಿಲ್ಲ.

ಕಳೆದ ನವೆಂಬರಿನಲ್ಲಿ ಅವರಿಗೆ ನ್ಯುಮೋನಿಯಾ ಆಯಿತು. ಎರಡು ವಾರ ಆಸ್ಪತ್ರೆಯಲ್ಲಿದ್ದರು. ಸ್ಪಷ್ಟವಾಗಿ ಮಾತಾಡಿದ ಕೊನೆಯ ಮಧ್ಯಾಹ್ನ ಮುಖದ ಮೇಲಿನ ಆಮ್ಲಜನಕದ ಮಾಸ್ಕನ್ನು ಸ್ವಲ್ಪ ಸರಿಸಿ, "ಕಪಾಟಿನ ಕೀ ನನ್ನ ಶೇವಿಂಗ್ ಡಬ್ಬಿಯಲ್ಲಿದೆ. ಅವನ್ನ ಆತುರದಲ್ಲಿ ಮಾರಬೇಡ. ಇನ್ನೊಂದು ಹತ್ತು ವರ್ಷ ಇಟ್ಕೋ," ಅಂದರು.

ನಾನು ಅವರ ಕೈ ಹಿಡಿದುಕೊಂಡಿದ್ದೆ. ಹಿಡಿದ ಕೈಯನ್ನು ಬಿಡಲಿಲ್ಲ ನಿಜ, ಆದರೆ ಒಳಗೆ ಸಿಟ್ಟು ಬಂತು. ಮೂವತ್ತೆಂಟು ವರ್ಷ ಸಂಸಾರ ಮಾಡಿ ಕಡೆಗೆ ಹೇಳುವುದು ಇದಾ ಅನ್ನಿಸಿತು. ಮೂರನೆಯ ದಿನ ಹೋಗಿಬಿಟ್ಟರು.

ಕ್ಯಾಲ್ಗರಿಯಿಂದ ಮಗಳು ಬಂದು ಹದಿನೈದು ದಿನ ಇದ್ದು ಹೋದಳು. ಹೋಗುವಾಗ, "ಅಮ್ಮಾ, ಪ್ಲೀಸ್, ಜಸ್ಟ್ ಗೆಟ್ ದೆಮ್ ಔಟ್ ಆಫ್ ದಿ ಹೌಸ್," ಅಂದಳು. ನನಗೂ ಅದೇ ಬೇಕಾಗಿತ್ತು. ಹತ್ತು ವರ್ಷವಂತೆ! ಹತ್ತು ದಿನವೂ ಬೇಡ.

ಲೈಸೆನ್ಸಿನ ಆಫೀಸಿಗೆ ಫೋನ್ ಮಾಡಿದೆ. ಅಲ್ಲಿದ್ದ ಹೆಂಗಸು ಸಮಾಧಾನವಾಗಿ ತಿಳಿಸಿದಳು. ಉಯಿಲು ನೋಡಿಕೊಳ್ಳುವವಳಾಗಿ ನಾನು ಸ್ವಲ್ಪ ಕಾಲ ಅವನ್ನು ಬೀಗ ಹಾಕಿ ಇಟ್ಟುಕೊಳ್ಳಬಹುದು, ಆಮೇಲೆ ಲೈಸೆನ್ಸ್ ಇರುವವರ ಕೈಗೇ ಹೋಗಬೇಕು. ಪ್ಲಾಸ್ಟಿಕ್ ಹಿಡಿಯ ಎರಡರಲ್ಲಿ ಒಂದು, ಕೆಲವು ವರ್ಷದ ಹಿಂದೆ ಸರ್ಕಾರ ನಿಷೇಧಿಸಿದ ಮಾದರಿ. ಅದನ್ನು ಮಾರುವ ಹಾಗಿಲ್ಲ, ಪೊಲೀಸರಿಗೇ ಒಪ್ಪಿಸಬೇಕು. ಒಂದು ಮಧ್ಯಾಹ್ನ ಇಬ್ಬರು ಪೊಲೀಸರು ಬಂದು ಅದನ್ನು ತೆಗೆದುಕೊಂಡು ಹೋದರು. ಎದುರುಮನೆಯವರು ಕಿಟಕಿಯ ಪರದೆ ಸರಿಸಿ ನೋಡಿದರು. ಇಪ್ಪತ್ತು ವರ್ಷದ ಗುಟ್ಟು ಮನೆಯ ಮುಂದಿನ ದಾರಿಯಲ್ಲೇ ನಡೆದುಕೊಂಡು ಹೋಯಿತು.

ಉಳಿದ ಆರನ್ನು ನೋಡಲು ಎಟೋಬಿಕೋಕಿನಲ್ಲೇ ಹಳೇ ಬಂದೂಕುಗಳ ಅಂಗಡಿ ಇಟ್ಟಿರುವ ಒಬ್ಬರು ಬಂದರು. ಎಪ್ಪತ್ತು ದಾಟಿದ ಬಿಳಿಯ ಮನುಷ್ಯ. ಹೇಳಿಸಿಕೊಳ್ಳದೆಯೇ ಬಾಗಿಲಲ್ಲೇ ಶೂ ಕಳಚಿದರು. ಬೇಸ್‌ಮೆಂಟಿಗಿಳಿದು, ಹತ್ತಿಯ ಬಿಳೀ ಕೈಗವಸು ತೊಟ್ಟು, ಮೇಜಿನ ಮೇಲೆ ಕಂಬಳಿ ಹಾಸಿ, ಒಂದೊಂದನ್ನೇ ತೆಗೆದು ಖಾಲಿಯಿದೆಯೇ ಎಂದು ನೋಡಿ ಮಲಗಿಸಿದರು. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಅಷ್ಟು ವರ್ಷದಲ್ಲಿ ಅವುಗಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ನಮ್ಮ ಯಜಮಾನರು ಇವು ಮುಂದೆ ಅಮೂಲ್ಯ ಆಗುತ್ತವೆ ಅಂತಿದ್ದರು. ಆಗುತ್ತವಾ?" ಅಂತ ಕೇಳಿದೆ.

ಅವರು ನಗಲಿಲ್ಲ. ಮೊದಲು ಚಿನ್ನದ ತಗಡಿನವನ್ನು ತೋರಿಸಿದರು. "ಇವನ್ನು ಜೋಪಾನ ಮಾಡಲಿಕ್ಕೆಂದೇ ಮಾಡಿ ಮಾರಿದ್ದು. ಕೊಂಡವರೆಲ್ಲ ಜೋಪಾನ ಮಾಡಿದರು. ಅದಕ್ಕೇ ಇವತ್ತಿಗೂ ಎಲ್ಲರ ಮನೆಯಲ್ಲೂ ಡಬ್ಬಿಯ ಸಮೇತ ಹೊಸದಾಗೇ ಇವೆ. ಇವಕ್ಕೆ ಗಿರಾಕಿಯೇ ಇಲ್ಲ." ಪ್ಲಾಸ್ಟಿಕ್ ಹಿಡಿ ಇದ್ದದ್ದನ್ನು ಮುಟ್ಟಿ, "ಇದನ್ನು ನಾಳೆಯೂ ಮಾಡುತ್ತಾರೆ," ಅಂದರು. ಆಮೇಲೆ ಸೈನ್ಯದ ಮೊದಲನೆಯದನ್ನು ಎತ್ತಿಕೊಂಡರು. ನನ್ನ ಇಡ್ಲಿ ಪಾತ್ರೆಯ ನೀರಿನಲ್ಲಿ ಮಿಂದದ್ದು ಅದೇ. ಭೂತಗನ್ನಡಿ ಹಿಡಿದು ಅದರ ಒಂದೊಂದು ಭಾಗದ ಮೇಲಿನ ನಂಬರನ್ನೂ ಓದಿದರು. ಎಲ್ಲವೂ ಒಂದೇ, ಯಾವ ಭಾಗವೂ ಬದಲಾಗಿರಲಿಲ್ಲ.

"ನಿಮ್ಮ ಯಜಮಾನರು ಹೇಳಿದ್ದು ಇದರ ಮಟ್ಟಿಗೆ ನಿಜ. ಅಗ್ಗಕ್ಕೆ ಸಿಗುತ್ತಿದ್ದವಲ್ಲ, ಜನ ಇವನ್ನು ಕೊಯ್ದರು, ಬಣ್ಣ ಬಳಿದರು, ಮಳೆಯಲ್ಲಿ ಬಿಟ್ಟರು. ಪೆಟ್ಟಿಗೆ ಬರುವುದು ನಿಂತ ಮೇಲೆ ನೋಡಿದರೆ ಮುಟ್ಟದೇ ಇಟ್ಟವು ಬಹಳ ಕಡಿಮೆ. ಮೆಷಿನ್ನಿನಲ್ಲಿ ಮಾಡಿದ್ದಕ್ಕೂ ಬೆಲೆ ಬರುತ್ತದೆ. ಆದರೆ ಯಾವುದಕ್ಕೆ ಬರುತ್ತದೆ ಅಂತ ಮೊದಲೇ ಹೇಳಲಿಕ್ಕಾಗುವುದಿಲ್ಲ. ಎಲ್ಲರಿಗೂ ಬೇಡವಾದದ್ದಕ್ಕೇ ಬರುತ್ತದೆ."

ಎರಡನೆಯದೂ ಹಾಗೇ ಇತ್ತು. ಮೂರನೆಯದನ್ನು ತೆಗೆದುಕೊಂಡವರು ಅದನ್ನು ಬೆಳಕಿಗೆ ತಿರುಗಿಸಿ ಹಿಡಿದರು. ಅದರ ಮರದ ಹಿಡಿ ಬೇರೆಯ ಥರ ಇತ್ತು. ಕಪ್ಪಗೆ, ನುಣ್ಣಗೆ, ಗೆರೆಗೆರೆಯಾದ ಮರ.

"ಇದು ಕಾರ್ಖಾನೆಯ ಮರವಲ್ಲ. ವಾಲ್ನಟ್. ಕೈಯಲ್ಲಿ ಕೆತ್ತಿದ್ದು. ಯಾರು ಮಾಡಿದ್ದು?"

"ಅವರೇ ಇರಬೇಕು. ಒಂದು ಚಳಿಗಾಲ ಪೂರ್ತಿ ಕೆಳಗೆ ಮರ ಉಜ್ಜುವ ಸದ್ದು ಬರುತ್ತಿತ್ತು."

"ಬಹಳ ಚೆನ್ನಾಗಿ ಮಾಡಿದ್ದಾರೆ," ಅಂದರು. "ಅದಕ್ಕೇ ಬೆಲೆ ಹೋಯಿತು. ಸಂಗ್ರಹ ಮಾಡುವವರ ಕಣ್ಣಿಗೆ ಇದು ಕೆಡಿಸಿದ ರೈಫಲ್."

ಹಾಗೆ ಹೇಳಿದವರು ಅದನ್ನು ಕೆಳಗಿಡಲಿಲ್ಲ. ಕೈಗವಸು ತೆಗೆದು ಬರಿಗೈಯಲ್ಲಿ ಆ ಮರವನ್ನು ಸವರಿದರು. ಭುಜಕ್ಕೆ ಆನಿಸಿಕೊಂಡು ನೋಡಿದರು. ಹುಬ್ಬು ಗಂಟಿಕ್ಕಿ ಇಳಿಸಿದರು.

"ನಿಮ್ಮ ಯಜಮಾನರು ಎಷ್ಟೆತ್ತರ ಇದ್ದರು?"

"ಐದು ಅಡಿ ಹತ್ತು ಅಂಗುಲ."

"ಹಾಗಾದರೆ ಇದು ಅವರಿಗಲ್ಲ. ಎರಡು ಅಂಗುಲ ಗಿಡ್ಡ. ಮಗನಿಗೆ ಮಾಡಿದ್ದಾ?"

"ಮಗ ಇಲ್ಲ. ಮಗಳು ಅಪ್ಪನಷ್ಟೇ ಎತ್ತರ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇಲ್ಲಿ ಬನ್ನಿ. ಹೆದರಬೇಡಿ, ಖಾಲಿ ಇದೆ. ಗೋಡೆಯ ಕಡೆ ತಿರುಗಿ."

ಎದ್ದು ಹೋದೆ. ಅವರು ಅದನ್ನು ನನ್ನ ಕೈಗೆ ಕೊಟ್ಟು, ಹಿಂಬದಿಯನ್ನು ನನ್ನ ಭುಜದ ಗುಳಿಗೆ ಹೊಂದಿಸಿದರು. ನನ್ನ ಕೆನ್ನೆ ತಾನಾಗೇ ಮರದ ಮೇಲೆ ಕೂತಿತು. ಬೆರಳು ಇರಬೇಕಾದ ಜಾಗದಲ್ಲೇ ಇತ್ತು. ರೆಡಿಮೇಡ್ ಬಟ್ಟೆ, ಬಸ್ಸಿನ ಸೀಟು, ಅಡುಗೆಮನೆಯ ಕಟ್ಟೆ, ಈ ದೇಶದಲ್ಲಿ ಯಾವುದೂ ನನ್ನ ಅಳತೆಗೆ ಇದ್ದದ್ದಿಲ್ಲ. ಇದು ಇತ್ತು.

"ಇದು ನಿಮಗೆ ಮಾಡಿದ್ದು," ಅಂದರು ಅವರು.

ಆಗ ನೆನಪಾಯಿತು. ಮಗಳು ಯೂನಿವರ್ಸಿಟಿಗೆ ಹೋದ ವರ್ಷ. ಮನೆಯಲ್ಲಿ ನಾವಿಬ್ಬರೇ. ಒಂದು ದಿನ ನಾನು ಹುರುಳಿಕಾಯಿ ಹೆಚ್ಚುತ್ತಿದ್ದಾಗ ಅವರು ಸ್ಟೀಲಿನ ಸ್ಕೇಲ್ ಹಿಡಿದುಕೊಂಡು ಮೇಲೆ ಬಂದು, "ಕೈ ಮಡಚು," ಅಂದರು. ಮೊಣಕೈ ಮಡಿಕೆಯಿಂದ ತೋರುಬೆರಳಿನವರೆಗೆ ಅಳೆದರು. "ಯಾಕ್ರೀ, ಬಳೆ ಮಾಡಿಸ್ತೀರಾ?" ಅಂದೆ. "ಬಳೆಗೆ ಮೊಣಕೈ ಅಳೀತಾರಾ?" ಅಂತ ಇಳಿದು ಹೋದರು. ಆ ಚಳಿಗಾಲ ಮುಗಿದ ಮೇಲೆ, ಏಪ್ರಿಲ್ ಇರಬೇಕು, "ಈ ಭಾನುವಾರ ನನ್ನ ಜೊತೆ ಬರ್ತೀಯಾ? ಸುಮ್ನೆ ಕೂತಿರು ಬೇಕಾದ್ರೆ," ಅಂತ ಕೇಳಿದ್ದರು. ನಾನು ಒಗೆದ ಬಟ್ಟೆ ಮಡಿಸುತ್ತಿದ್ದೆ. ತಲೆ ಎತ್ತದೆ ಹೇಳಿದೆ: "ನಿಮ್ಮ ಆ ದರಿದ್ರ ಬಂದೂಕಿನ ಮುಖ ನೋಡೋಕೆ ನನಗಿಷ್ಟ ಇಲ್ಲ." ಅವರು ಮತ್ತೊಮ್ಮೆ ಕೇಳಲಿಲ್ಲ. ಮಾಡಿಟ್ಟಿದ್ದೇನೆ ಅಂತಲೂ ಹೇಳಲಿಲ್ಲ.

ಅಂಗಡಿಯವರು ರೈಫಲನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. ನಾನು ಮೇಲೆ ಹೋಗಿ ಕಾಫಿ ಮಾಡುವ ನೆಪದಲ್ಲಿ ಸ್ವಲ್ಪ ಹೊತ್ತು ಸಿಂಕಿನ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ಐದನ್ನು ಅವರೇ ಕೊಂಡರು. ಆರನೆಯದನ್ನು ಕೊಡುವುದಿಲ್ಲ ಅಂದೆ. ಹಾಗಾದರೆ ನಾನೇ ಲೈಸೆನ್ಸ್ ತೆಗೆದುಕೊಳ್ಳಬೇಕು, ಅಲ್ಲಿಯವರೆಗೆ ತಮ್ಮ ಅಂಗಡಿಯಲ್ಲಿ ಇಟ್ಟಿರುತ್ತೇನೆ ಅಂದರು. ಅರವತ್ತಾರನೆಯ ವಯಸ್ಸಿನಲ್ಲಿ ಮಿಸಿಸಾಗದ ಒಂದು ಹಾಲಿನಲ್ಲಿ ಶನಿವಾರ, ಭಾನುವಾರ ಕೋರ್ಸಿಗೆ ಕೂತೆ. ಸುತ್ತ ಹುಡುಗರು. ಮಧ್ಯಾಹ್ನ ಎಲ್ಲರೂ ಗುಂಪಾಗಿ ಕಾಫಿ ಅಂಗಡಿಗೆ ಹೋದರು. ನಾನು ಕಾರಿನಲ್ಲಿ ಕೂತು ಡಬ್ಬಿಯ ಚಿತ್ರಾನ್ನ ತಿಂದೆ. ಪರೀಕ್ಷೆ ಕಷ್ಟವಾಗಲಿಲ್ಲ. ಲ್ಯಾಬಿನಲ್ಲಿ ಬದುಕೆಲ್ಲ ಹೇಳಿದ ಕ್ರಮದಲ್ಲಿ ಹೇಳಿದ್ದನ್ನು ಮಾಡಿದವಳು ನಾನು.

ಕಷ್ಟವಾದದ್ದು ಅರ್ಜಿ. ಮೂರು ವರ್ಷಕ್ಕಿಂತ ಹೆಚ್ಚು ಕಾಲದಿಂದ ನನ್ನನ್ನು ಬಲ್ಲ ಇಬ್ಬರು ಸಹಿ ಮಾಡಬೇಕು ಅಂತ ಅದರಲ್ಲಿತ್ತು. ಇಬ್ಬರು. ಮೂವತ್ತು ವರ್ಷದಿಂದ ಇದೇ ಊರಿನಲ್ಲಿದ್ದೇನೆ. ಊಟದ ಮೇಜಿನ ಮೇಲೆ ಆ ಕಾಗದ ಹರಡಿಕೊಂಡು ಯಾರು ಅಂತ ಯೋಚಿಸುತ್ತಾ ಕೂತೆ. ಫೋನಿನಲ್ಲಿ ಹೆಸರುಗಳಿದ್ದವು, ಪ್ಲಂಬರ್, ಡೆಂಟಿಸ್ಟ್, ಹಪ್ಪಳ ಮಾಡಿಕೊಡುವವರು. ನಾಲ್ಕು ದಿನ ಆ ಕಾಗದ ಅಲ್ಲೇ ಬಿದ್ದಿತ್ತು. ನಾನು ಅದರ ಪಕ್ಕದಲ್ಲೇ ಊಟ ಮಾಡುತ್ತಿದ್ದೆ.

ಲ್ಯಾಬಿನಲ್ಲಿ ನನ್ನ ಪಕ್ಕ ಹನ್ನೊಂದು ವರ್ಷ ಕೆಲಸ ಮಾಡಿದ ಫಿಲಿಪೀನ್ಸಿನವಳಿಗೆ ಫೋನ್ ಮಾಡಿದೆ. ಯಾಕೆ ಏನು ಅಂತ ಕೇಳದೆ ಒಪ್ಪಿಕೊಂಡಳು. ಇನ್ನೊಬ್ಬರಿಗೆ ಕೇಳಲು ಧೈರ್ಯ ಬೇಕಾಯಿತು. ಮಿಸಿಸಾಗದಲ್ಲಿರುವ, ಬೆಂಗಳೂರಿನ ಕಡೆಯ ಒಬ್ಬರು ಹೆಂಗಸು. ಯುಗಾದಿ, ದೀಪಾವಳಿಯ ಕಾರ್ಯಕ್ರಮಗಳಲ್ಲಿ ಪಕ್ಕಪಕ್ಕದಲ್ಲಿ ಕೂರುತ್ತಿದ್ದೆವು. ವಿಷಯ ಹೇಳಿದೆ.

"ನಿಮ್ಮನೇಲಿ ಬಂದೂಕಿತ್ತಾ?"

"ಹೂಂ ರೀ."

"ಅದಕ್ಕೇ ನಮ್ಮನ್ನ ಯಾವತ್ತೂ ಕರೀತಿರಲಿಲ್ವಾ?"

"ಹೂಂ" ಅಂದೆ.

"ನಾವೇನೋ ನಿಮಗೆ ನಮ್ಮನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ವಿ," ಅಂದರು. ಆಮೇಲೆ, "ಬೇಜಾರು ಮಾಡ್ಕೋಬೇಡಿ. ನೀವು ಗೊತ್ತು ಅಂತ ಹೇಗ್ರೀ ಸಹಿ ಹಾಕಲಿ? ನಿಮ್ಮನೆ ಒಳಗೆ ಹೇಗಿದೆ ಅಂತಲೇ ನನಗೆ ಗೊತ್ತಿಲ್ಲ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. "ಹಾಗಾದ್ರೆ ಬಂದು ನೋಡಿ," ಅಂದೆ.

ಮುಂದಿನ ಗುರುವಾರ ಬಂದರು. ನಾನು ಬೆಳಗಿನಿಂದ ಮನೆ ಒರೆಸಿದ್ದೆ, ಕೇಸರಿಭಾತು ಮಾಡಿದ್ದೆ. ಅವರು ಮೊದಲು ದೇವರ ಮನೆ ನೋಡಿದರು. ಆಮೇಲೆ ಕೆಳಗಿಳಿದು ಖಾಲಿ ಕಪಾಟನ್ನು, ನಮ್ಮ ಯಜಮಾನರ ಮೇಜನ್ನು, ಮೊಳೆಗೆ ನೇತುಹಾಕಿದ ಅರಗಳನ್ನು ನೋಡಿದರು. ಆ ಮರದ ಹಿಡಿಯ ಕಥೆ ಹೇಳಿದೆ. ಯಾರಿಗಾದರೂ ಹೇಳಿದ್ದು ಅದೇ ಮೊದಲು. ಅವರು ಕೇಳಿಸಿಕೊಂಡು, "ಗಂಡಸರಿಗೆ ಬಾಯಿ ಬಿಟ್ಟು ಹೇಳಕ್ಕೆ ಏನು ರೋಗವೋ," ಅಂದು ಕಣ್ಣೊರೆಸಿಕೊಂಡರು. ನನ್ನ ಬಗ್ಗೆ ಏನೂ ಅನ್ನಲಿಲ್ಲ. ಕಾಫಿ ಕುಡಿದು, ಪೆನ್ನು ಕೇಳಿ, ಸಹಿ ಹಾಕಿ ಹೋದರು. ಅದಾದ ಮೇಲೆ ಎರಡು ಸಲ ಫೋನ್ ಮಾಡಿದ್ದಾರೆ. ಬನ್ನಿ ಅಂದಿದ್ದೇನೆ, ಬರ್ತೀನಿ ಅಂದಿದ್ದಾರೆ.

ಬೇಸಿಗೆಯ ಹೊತ್ತಿಗೆ ಲೈಸೆನ್ಸ್ ಬಂತು. ಅಂಗಡಿಯವರು ತಮ್ಮ ಅತಿಥಿಯಾಗಿ ನನ್ನನ್ನು ಮಿಲ್ಟನ್ನಿನ ಕ್ಲಬ್ಬಿಗೆ ಕರೆದುಕೊಂಡು ಹೋದರು. ತಗಡಿನ ಮಾಡಿನ ಕೆಳಗೆ ಉದ್ದಕ್ಕೆ ಬೆಂಚುಗಳು, ಮುಂದೆ ಹುಲ್ಲು, ಆಚೆ ಮಣ್ಣಿನ ದಿಬ್ಬ. ಮಂಗಳವಾರವಾದ್ದರಿಂದ ಜನ ಇರಲಿಲ್ಲ. ಪಕ್ಕದ ಬೆಂಚಿನಲ್ಲಿ ಒಬ್ಬ ಮುದುಕರು ತಮ್ಮ ಪಾಡಿಗೆ ಕೂತಿದ್ದರು. ನಾನು ರೈಫಲನ್ನು ಬೆಂಚಿನ ಮೇಲೆ ಇಟ್ಟದ್ದೇ ಅವರು ಕಿವಿಯ ಮುಚ್ಚಳ ತೆಗೆದರು.

"ಆ ಮರ ನನಗೆ ಗೊತ್ತು. ಭಾರತದವರೊಬ್ಬರು ತಂದು ತೋರಿಸಿದ್ದರು. ಭಾನುವಾರ ಇಲ್ಲೇ ಕೂರುತ್ತಿದ್ದರು. ಎಲ್ಲಿ ಅವರು?"

"ತೀರಿಕೊಂಡರು. ನವೆಂಬರಿನಲ್ಲಿ. ನಾನು ಅವರ ಹೆಂಡತಿ."

ಅವರು ಟೋಪಿ ತೆಗೆದರು. "ಹದಿನೈದು ವರ್ಷ ಪಕ್ಕದಲ್ಲಿ ಕೂತಿದ್ದೇವೆ. ಅವರ ಹೆಸರು ಏನು ಅಂತ ನಾನು ಕೇಳಲೇ ಇಲ್ಲ."

ಹೆಸರು ಹೇಳಿದೆ. ಅವರು ಎರಡು ಸಲ ಹೇಳಿ ನೋಡಿದರು. ಸರಿಯಾಗಿ ಬರಲಿಲ್ಲ. ನಾನು ತಿದ್ದಲಿಲ್ಲ.

ಐದು ಗುಂಡು ಹೊಡೆದೆ. ಮೊದಲನೆಯದಕ್ಕೆ ಕಣ್ಣು ಮುಚ್ಚಿಬಿಟ್ಟೆ. ನಾಲ್ಕನೆಯದು ಕಾಗದದ ಅಂಚಿಗೆ ತಗಲಿತು. ಸದ್ದು ನನಗೆ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ. ಆದರೂ ತಿಂಗಳಿಗೊಮ್ಮೆ ಹೋಗುತ್ತೇನೆ. ನಾಲ್ಕೈದು ಗುಂಡು ಹೊಡೆದು, ನಮ್ಮ ಯಜಮಾನರ ಎಣ್ಣೆ ಬಟ್ಟೆಯಲ್ಲೇ ಒರೆಸಿ, ಆ ಬೆಂಚಿನಲ್ಲಿ ಸುಮ್ಮನೆ ಕೂತು ಬರುತ್ತೇನೆ. ಆ ರೈಫಲನ್ನು ಮುಂದೆ ಏನು ಮಾಡುವುದು ಅಂತ ಮಗಳು ಕೇಳಿದಳು. ಯಾರೂ ಕೊಳ್ಳುವುದಿಲ್ಲ, ಅಳತೆ ಬೇರೆಯವರಿಗೆ ಆಗುವುದಿಲ್ಲ ಅಂದೆ. ಅವಳು ಕ್ರಿಸ್‌ಮಸ್ಸಿಗೆ ಬಂದಾಗ ಕ್ಲಬ್ಬಿಗೆ ಕರೆದುಕೊಂಡು ಹೋಗ್ತೀಯಾ ಅಂತ ಕೇಳಿದಳು. ಅಲ್ಲಿ ವಿಪರೀತ ಚಳಿ ಇರುತ್ತೆ, ದಪ್ಪ ಜಾಕೆಟ್ಟು ತಗೊಂಡು ಬಾ ಅಂದೆ.